ಫೋಟೊ ತೋರಿಸುವ ಮೊದಲು: ಹೆಸರಾಂತ ವಸ್ತ್ರವಿನ್ಯಾಸಕರ ಶೈಲಿಯನ್ನು ಓದಿ ಹೊಲಿಸಿಕೊಳ್ಳುವ ಬಗೆ

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು ಹತ್ತಿರವಾದಂತೆ ನಮ್ಮ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಬಟ್ಟೆಗಿಂತ ಮೊದಲು ಮೊಬೈಲ್ ಫೋನುಗಳು ಬಂದು ಕೂರುತ್ತವೆ. ಹೋದ ವರ್ಷ ಸಾಲಗಾಮೆ ಕಡೆಯ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದು, ಸಬ್ಯಸಾಚಿ ಮುಖರ್ಜಿಯವರ ಲೆಹೆಂಗಾದ ಚಿತ್ರವನ್ನು ತೋರಿಸಿ, “ಅಕ್ಕ, ಇದೇ ಥರ ಬೇಕು” ಎಂದಳು. ಇದರಲ್ಲಿ ನಿನಗೆ ಹಿಡಿಸಿದ್ದು ಯಾವುದು ಎಂದು ಕೇಳಿದಾಗ ಕ್ಷಣ ಯೋಚಿಸಿ, “ಎಲ್ಲಾ” ಎಂದಳು. ಚಿತ್ರವನ್ನು ದೊಡ್ಡದು ಮಾಡುತ್ತ, ಒಂದೊಂದೇ ಭಾಗವನ್ನು ಅಂಗೈಯಿಂದ ಮುಚ್ಚುತ್ತ ಹತ್ತು ನಿಮಿಷ ಮಾತನಾಡಿದ ಮೇಲೆ ತಿಳಿದದ್ದೇನೆಂದರೆ, ಅವಳಿಗೆ ಬೇಕಿದ್ದದ್ದು ಮೈತುಂಬಿದ ಕಸೂತಿಯಲ್ಲ. ರವಿಕೆಯ ಉದ್ದ ತೋಳು ಮತ್ತು ಗಾಢ ಕೆಂಪಿನ ಬುಡದಲ್ಲಿ ಅಗಲವಾಗಿ ಕುಳಿತ ಹಳೆಯ ಜರಿಯ ಅಂಚು. ಅಂಥ ಅಂಚು ಅವರ ಮನೆಯ ಪೆಟ್ಟಿಗೆಯಲ್ಲೇ ಇತ್ತು, ಅಜ್ಜಿಯ ಸವೆದ ಸೀರೆಯೊಂದರಲ್ಲಿ.

ಆ ಹತ್ತು ನಿಮಿಷದ ಕೆಲಸವನ್ನು ಓದುಗರು ಮನೆಯಲ್ಲಿಯೇ, ಟೈಲರ್ ಬಳಿ ಹೋಗುವ ಮೊದಲೇ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಸಿಗ್ನೇಚರ್ ಸ್ಟೈಲ್ ಎಂದು ಕರೆಯುವುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ, ಅಂಕಿತ. ವಚನದ ಕೊನೆಯ ‘ಕೂಡಲಸಂಗಮದೇವ’ ಎಂಬುದನ್ನು ಕೈಯಿಂದ ಮುಚ್ಚಿದರೂ, ಪಳಗಿದ ಓದುಗರಿಗೆ ಇದು ಅಲ್ಲಮನದಲ್ಲ, ಬಸವಣ್ಣನದು ಎಂದು ಮಾತಿನ ನಡೆಯಿಂದಲೇ ಹೊಳೆಯುತ್ತದೆ. ಉಡುಪಿನ ಅಂಕಿತವೂ ಹಾಗೆಯೇ. ಅದು ಕತ್ತಿನ ಹಿಂದೆ ಹೊಲಿದ ಹೆಸರಿನ ಪಟ್ಟಿಯಲ್ಲಿಲ್ಲ, ಮೇಲಿನ ಕೆಲಸದಲ್ಲಿಯೂ ಮುಖ್ಯವಾಗಿ ಇಲ್ಲ. ಮೈಗೂ ಬಟ್ಟೆಗೂ ಇರುವ ಒಂದು ತೊಡಕಿಗೆ ಆ ವಿನ್ಯಾಸಕರು ವರ್ಷಗಟ್ಟಲೆ ಕೊಟ್ಟುಕೊಂಡು ಬಂದ ಒಂದೇ ಬಗೆಯ ಉತ್ತರದಲ್ಲಿದೆ.

ಮೊದಲ ಹಂತ: ನುಗ್ಗೇಹಳ್ಳಿಯಲ್ಲಿ ಕಣ್ಣು ಪಳಗಿಸಿಕೊಳ್ಳಿ

ನಮ್ಮ ಜಿಲ್ಲೆಯವರಿಗೆ ಈ ಅಭ್ಯಾಸಕ್ಕೆ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಶಿಲ್ಪಗಳಲ್ಲಿ ಇಬ್ಬರು ಶಿಲ್ಪಿಗಳ ಕೈ ಕಾಣುತ್ತದೆ. ದಕ್ಷಿಣದ ಬದಿಯದು ನಂದಿಯ ಬೈಚೋಜನದು, ಉತ್ತರದ ಬದಿಯದು ಮಲ್ಲಿತಮ್ಮನದು. ಕಲ್ಲು ಒಂದೇ, ದೇವತೆಗಳು ಅವರೇ, ಕಿರೀಟ, ಕಂಠೀಹಾರ, ಸೊಂಟದ ಪಟ್ಟಿಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಆದರೂ ದಕ್ಷಿಣದ ಮೂರ್ತಿಗಳು ಗಂಭೀರವಾಗಿ, ತೂಕದಿಂದ ನಿಂತಿದ್ದರೆ, ಉತ್ತರದವು ನುಣುಪಿನಲ್ಲಿ ಒಂದು ಕೈ ಕಡಿಮೆಯೆನಿಸಿದರೂ ಚುರುಕಾಗಿ ಮಿಸುಕಾಡುವಂತಿವೆ. ಗೋಡೆಯನ್ನು ಎರಡು ಸಲ ಸುತ್ತಿ, ಆಭರಣವನ್ನು ಬಿಟ್ಟು ನಿಲುವನ್ನು ಮಾತ್ರ ನೋಡಿ. ಬೇಲೂರಿಗೆ ಹೋಗುವವರು ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳನ್ನು ಹುಡುಕಬಹುದು. ಆದರೆ ಹೆಸರನ್ನು ಓದುವ ಮೊದಲು ಕೈಯನ್ನು ಗುರುತಿಸಲು ಪ್ರಯತ್ನಿಸಿ. ಮುಂದಿನ ಹಂತಗಳೆಲ್ಲ ಈ ನೋಟದ ಮೇಲೆಯೇ ನಿಂತಿವೆ.

ಎರಡನೆಯ ಹಂತ: ಬಣ್ಣವನ್ನೂ ಕೆಲಸವನ್ನೂ ಬಿಟ್ಟು ಆಕಾರವನ್ನು ನೋಡಿ

ಫೋನಿನಲ್ಲಿರುವ ಚಿತ್ರವನ್ನು ಕಪ್ಪು-ಬಿಳುಪಿಗೆ ಬದಲಿಸಿ, ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಉಡುಪಿನ ಹೊರಗೆರೆ ಮಾತ್ರ ಉಳಿಯುತ್ತದೆ. ಆ ಗೆರೆ ಎಲ್ಲಿ ಮೈಗೆ ಅಂಟುತ್ತದೆ, ಎಲ್ಲಿ ಮೈಯಿಂದ ದೂರ ಸರಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಇದಕ್ಕೆ ಎರಡು ತುದಿಯ ಉದಾಹರಣೆಗಳು ಡಿಯೋರ್ ಮತ್ತು ಬಾಲೆನ್ಸಿಯಾಗ. ಕ್ರಿಶ್ಚಿಯನ್ ಡಿಯೋರ್ 1947ರ ಫೆಬ್ರುವರಿ 12ರಂದು ಪ್ಯಾರಿಸ್ಸಿನಲ್ಲಿ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದಾಗ, ಯುದ್ಧಕಾಲದ ಬಟ್ಟೆಯ ಕೊರತೆಯಲ್ಲಿ ಚೌಕಾಕಾರದ ಭುಜ, ಗಿಡ್ಡ ಲಂಗಗಳಿಗೆ ಒಗ್ಗಿಹೋಗಿದ್ದ ಜನ ಬೆರಗಾದರು. ಭುಜ ಮೆತ್ತಗೆ ಇಳಿದಿತ್ತು, ಸೊಂಟ ಹಿಡಿದಿತ್ತು, ಕೆಳಗೆ ಮೀಟರುಗಟ್ಟಲೆ ಬಟ್ಟೆಯ ಲಂಗ ಹೂವಿನ ದಳದಂತೆ ಅರಳಿತ್ತು. ‘ನ್ಯೂ ಲುಕ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡದ್ದು ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಅವರ ಬಾಯಿಯಿಂದ. ಆ ಸಂಗ್ರಹದ ಪ್ರಸಿದ್ಧ ‘ಬಾರ್’ ಜಾಕೆಟ್ಟಿನ ಗುಟ್ಟು ಸೊಂಟವನ್ನು ಬಿಗಿದದ್ದರಲ್ಲಿ ಮಾತ್ರ ಇಲ್ಲ. ಸೊಂಟದ ಕೆಳಗಿನ ಭಾಗಕ್ಕೆ ಒಳಗಿನಿಂದ ಮೆತ್ತೆ ಕೊಟ್ಟಿದ್ದರಿಂದ ನಡು ಇನ್ನಷ್ಟು ಸಣ್ಣದಾಗಿ ಕಂಡಿತು.

ಸ್ಪೇನಿನ ಹೆತಾರಿಯಾದಲ್ಲಿ 1895ರಲ್ಲಿ ಹುಟ್ಟಿದ ಕ್ರಿಸ್ತೋಬಾಲ್ ಬಾಲೆನ್ಸಿಯಾಗ ಹೊಲಿಗೆಯವಳ ಮಗ. ತಾನೇ ಕತ್ತರಿ ಹಿಡಿದು ಕತ್ತರಿಸಿ, ತಾನೇ ಹೊಲಿದು ಮುಗಿಸಬಲ್ಲವರಾಗಿದ್ದರು. ಅವರು ಹಿಡಿದದ್ದು ಡಿಯೋರ್ ದಾರಿಗೆ ತೀರ ಎದುರು ದಾರಿ. 1957ರ ಅವರ ಚೀಲದಂಥ ಉಡುಪಿನಲ್ಲಿ ಸೊಂಟವೇ ಇಲ್ಲ. ಬಟ್ಟೆ ಭುಜದಿಂದ ತೂಗಿ, ಮೈಗೂ ತನಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಡುತ್ತದೆ. ಕಾಲರ್ ಕತ್ತಿಗೆ ಅಂಟದೆ ಹಿಂದಕ್ಕೆ ಸರಿದಿರುತ್ತದೆ. ತೋಳು ಮಣಿಕಟ್ಟಿಗಿಂತ ಮೇಲೆಯೇ ನಿಂತು ಕೈಬಳೆಗೆ ಜಾಗ ಮಾಡಿಕೊಡುತ್ತದೆ. ಈ ಎರಡು ಗುಣಗಳನ್ನು ನಮ್ಮವರು ಧೈರ್ಯವಾಗಿ ಎರವಲು ಪಡೆಯಬಹುದು ಎಂಬುದು ನನ್ನ ಬಲವಾದ ಅಭಿಪ್ರಾಯ. ತುರುಬಿಗೆ ಹೂ ಮುಡಿಯುವವರಿಗೆ ಹಿಂದಕ್ಕೆ ಸರಿದ ಕಾಲರ್‌ನಷ್ಟು ಅನುಕೂಲದ್ದು ಬೇರೆಯಿಲ್ಲ, ಮುಕ್ಕಾಲು ತೋಳಿನ ಕೆಳಗೆ ಗಾಜಿನ ಬಳೆಗಳು ಕಾಣುವಂತೆ ಇನ್ನಾವ ತೋಳಿನಲ್ಲೂ ಕಾಣುವುದಿಲ್ಲ. ನಡು ತೋರಿಸಲು ಮುಜುಗರಪಡುವ, ಆದರೆ ಸಡಿಲ ಬಟ್ಟೆಯಲ್ಲಿ ದಪ್ಪ ಕಾಣುತ್ತೇನೆಂದು ಹೆದರುವ ಹೆಂಗಸರಿಗೆ, ಮುಂದೆ ಸ್ವಲ್ಪ ಹಿಡಿದು ಬೆನ್ನಿಗೆ ಮಾತ್ರ ಮೂರು ನಾಲ್ಕು ಇಂಚು ಸಡಿಲ ಬಿಟ್ಟ ಕುರ್ತಾ ಹೊಲಿದುಕೊಟ್ಟು ನೋಡಿದ್ದೇನೆ. ಪಕ್ಕದಿಂದ ನೋಡಿದಾಗ ಅದಕ್ಕೊಂದು ಘನತೆ ಬರುತ್ತದೆ.

ಮೂರನೆಯ ಹಂತ: ಬಟ್ಟೆ ಯಾವ ದಿಕ್ಕಿನಲ್ಲಿ ಕತ್ತರಿಸಿದೆ ಎಂದು ಕೇಳಿಕೊಳ್ಳಿ

ಮನೆಯಲ್ಲಿರುವ ಒಂದು ಹತ್ತಿಯ ಕರವಸ್ತ್ರ ತೆಗೆದುಕೊಳ್ಳಿ. ಎದುರುಬದುರಿನ ಎರಡು ಅಂಚುಗಳನ್ನು ಹಿಡಿದು ಎಳೆದರೆ ಅದು ಹಿಗ್ಗುವುದಿಲ್ಲ, ಏಕೆಂದರೆ ನೀವು ಹಾಸಿನ ಅಥವಾ ಹೊಕ್ಕಿನ ಎಳೆಯನ್ನು ನೇರವಾಗಿ ಎಳೆಯುತ್ತಿದ್ದೀರಿ. ಈಗ ಎದುರುಬದುರು ಮೂಲೆಗಳನ್ನು ಹಿಡಿದು ಎಳೆಯಿರಿ. ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ, ನಡುವೆ ಕಿರಿದಾಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಈ 45 ಡಿಗ್ರಿಯ ಓರೆಯನ್ನು ನಮ್ಮ ಟೈಲರುಗಳು ‘ಕ್ರಾಸ್’ ಎನ್ನುತ್ತಾರೆ. 1876ರಲ್ಲಿ ಹುಟ್ಟಿದ ಫ್ರಾನ್ಸಿನ ಮದಲೀನ್ ವಿಯೊನೆ ಇಡೀ ಉಡುಪನ್ನೇ ಕ್ರಾಸಿನಲ್ಲಿ ಕತ್ತರಿಸಿ ತಮ್ಮ ಅಂಕಿತವನ್ನು ಕಟ್ಟಿಕೊಂಡರು. ಚಿಕ್ಕದೊಂದು ಮರದ ಬೊಂಬೆಗೆ ಬಟ್ಟೆಯನ್ನು ಸುತ್ತಿ, ಇಳಿಬಿಟ್ಟು, ಅಲ್ಲಿ ಸರಿಹೊಂದಿದ್ದನ್ನು ದೊಡ್ಡ ಅಳತೆಗೆ ತರುತ್ತಿದ್ದರು. ಗುಂಡಿ, ಬಿಗಿತ, ಮೆತ್ತೆಗಳ ನೆರವಿಲ್ಲದೆ ಬಟ್ಟೆ ಮೈಯ ಮೇಲೆ ನೀರಿನಂತೆ ಇಳಿಯುವ ಆ ಉಡುಪುಗಳನ್ನು ಇಂದಿಗೂ ಬಿಚ್ಚಿ ನೋಡಿ ಕಲಿಯುವವರಿದ್ದಾರೆ.

ಹಾಸನದ ಗಲ್ಲಿಗಲ್ಲಿಯಲ್ಲಿ ದಿನವೂ ಹೊಲಿಯುವ ಕ್ರಾಸ್ ಕಟ್ ಬ್ಲೌಸಿನ ಮುಂಭಾಗ ಕೂತಲ್ಲಿ ಕೂರುವುದು ಇದೇ ಕಾರಣಕ್ಕೆ. ನೇರ ಎಳೆಯಲ್ಲಿ ಕತ್ತರಿಸಿದ ರವಿಕೆಗೆ ಟಕ್ಸ್, ಎಂದರೆ ಒಳಗೆ ಹೊಲಿಯುವ ಮಡಿಕೆ, ಹಿಡಿದೇ ಆಕಾರ ತರಬೇಕು. ಕ್ರಾಸಿನಲ್ಲಿ ಕತ್ತರಿಸಿದ್ದು ಟಕ್ಸ್‌ಗೆ ತಾನೂ ಒಂದಿಷ್ಟು ಬಾಗಿ ಜೊತೆಯಾಗುತ್ತದೆ. ಆದ್ದರಿಂದ ಚಿತ್ರದಲ್ಲಿ ಬಟ್ಟೆ ಮೈಯನ್ನು ಹಿಡಿದಿದ್ದರೂ ಹೊಲಿಗೆಯ ಗೆರೆಗಳು ಕಾಣದಿದ್ದರೆ, ಅದು ಓರೆಯ ಕತ್ತರಿ ಎಂದು ಊಹಿಸಿ ಚೀಟಿಯಲ್ಲಿ ‘ಕ್ರಾಸ್’ ಎಂದು ಬರೆಯಿರಿ. ಹಾಗೆ ಹೊಲಿಸುವುದಾದರೆ ಬಟ್ಟೆ ಹೆಚ್ಚು ಬೇಕು. ಮೂಲೆಗಳಲ್ಲಿ ತುಂಡುಗಳು ಉಳಿದೇ ಉಳಿಯುತ್ತವೆ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಕೆಲಸ ಕಲಿತ ಹೊಸತರಲ್ಲಿ ತಂಗಿಯ ಮಗಳಿಗೆ ಕ್ರೇಪ್ ಬಟ್ಟೆಯಲ್ಲಿ ಪೂರ್ತಿ ಕ್ರಾಸಿನ ಉದ್ದ ಲಂಗ ಕತ್ತರಿಸಿ, ಮರುದಿನವೇ ಗೃಹಪ್ರವೇಶವಿದ್ದುದರಿಂದ ಅಂದೇ ರಾತ್ರಿ ಕೆಳಗಿನ ಅಂಚು ಮಡಿಸಿ ಹೆಮ್ಮಿಂಗ್ ಮುಗಿಸಿಬಿಟ್ಟೆ. ಸಮಾರಂಭದ ಹೊತ್ತಿಗೆ ಓರೆಯಿದ್ದ ಕಡೆಯೆಲ್ಲ ಬಟ್ಟೆ ತನ್ನ ತೂಕಕ್ಕೆ ಇಳಿದು, ಬಲಗಡೆಯಲ್ಲಿ ನೆಲ ಗುಡಿಸುತ್ತಿತ್ತು, ಎಡಗಡೆಯಲ್ಲಿ ಪಾದದ ಗಂಟು ಕಾಣುತ್ತಿತ್ತು. ಕ್ರಾಸಿನಲ್ಲಿ ಕತ್ತರಿಸಿದ ಲಂಗವನ್ನು ಸೊಂಟಪಟ್ಟಿ ಹಚ್ಚಿದ ಮೇಲೆ ಕನಿಷ್ಠ ಒಂದು ದಿನ ತೂಗುಹಾಕಿ, ಅದು ಇಳಿಯುವಷ್ಟು ಇಳಿದ ನಂತರ, ತೊಟ್ಟವರನ್ನು ನಿಲ್ಲಿಸಿ ನೆಲದಿಂದ ಸ್ಕೇಲ್ ಹಿಡಿದು ಅಂಚನ್ನು ಗುರುತು ಮಾಡಬೇಕು. ನಿಮ್ಮ ಟೈಲರ್ ಅದಕ್ಕೆ ಒಂದು ದಿನ ಹೆಚ್ಚು ಕೇಳಿದರೆ ದಯವಿಟ್ಟು ಕೊಡಿ.

ನಾಲ್ಕನೆಯ ಹಂತ: ಒಳಮೈಯನ್ನು ತಿಳಿದುಕೊಳ್ಳಿ

ಗಬ್ರಿಯೆಲ್ ‘ಕೊಕೊ’ ಶನೆಲ್ ಎಂದರೆ ಬಹಳ ಜನರಿಗೆ ನೆನಪಾಗುವುದು 1921ರ ಸುಗಂಧದ್ರವ್ಯ, 1926ರಲ್ಲಿ ‘ವೋಗ್’ ಪತ್ರಿಕೆಯಲ್ಲಿ ಕಾಣಿಸಿಕೊಂಡ ಕಪ್ಪು ಉಡುಪು. ಆದರೆ ಹೊಲಿಯುವವರ ಕಣ್ಣಿಗೆ ಅವರ ನಿಜವಾದ ಅಂಕಿತ, ಹದಿನೈದು ವರ್ಷ ಮುಚ್ಚಿದ್ದ ಬಟ್ಟೆಯ ಮಳಿಗೆಯನ್ನು 1954ರಲ್ಲಿ, 70ರ ವಯಸ್ಸಿನಲ್ಲಿ ಮತ್ತೆ ತೆರೆದು ರೂಢಿಗೆ ತಂದ ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಯ ಜಾಕೆಟ್ಟು. ಹೊರಗಿನಿಂದ ನೋಡಿದರೆ ಕಾಲರ್ ಇಲ್ಲದ, ಅಂಚಿಗೆ ಹೆಣೆದ ಪಟ್ಟಿ ಹಚ್ಚಿದ, ನಿಜವಾಗಿಯೂ ಕೈ ಹಾಕಬಹುದಾದ ಜೇಬುಗಳಿರುವ ಸರಳ ಜಾಕೆಟ್ಟು. ಒಳಗೆ ತಿರುಗಿಸಿದರೆ ರೇಷ್ಮೆಯ ಲೈನಿಂಗ್ ಅನ್ನು ಮೇಲಿನ ಬಟ್ಟೆಗೆ ಸಾಲುಸಾಲಾಗಿ ಹೊಲಿದು ಒಂದಾಗಿಸಿರುತ್ತಾರೆ. ಆದ್ದರಿಂದಲೇ ಗಟ್ಟಿ ಕ್ಯಾನ್ವಾಸಿನ ಹಂಗಿಲ್ಲದೆ ಅದು ಮೆತ್ತಗೆ ಮೈಮೇಲೆ ಕೂರುತ್ತದೆ. ಆರ್ಮ್‌ಹೋಲ್ ಎತ್ತರವಾಗಿರುವುದರಿಂದ ಕೈ ಮೇಲೆತ್ತಿದರೂ ಜಾಕೆಟ್ಟು ಮೇಲಕ್ಕೇರುವುದಿಲ್ಲ. ಕೆಳಗಿನ ಅಂಚಿನ ಒಳಗೆ ಸುತ್ತಲೂ ಒಂದು ತೆಳುವಾದ ಲೋಹದ ಸರಪಳಿ. ಅದರ ತೂಕಕ್ಕೆ ಜಾಕೆಟ್ಟು ಮುದುಡದೆ ನೆಟ್ಟಗೆ ಇಳಿದಿರುತ್ತದೆ.

ಈ ಸರಪಳಿಯ ಬಗ್ಗೆ ಮೊದಲು ಓದಿದಾಗ ನನಗೆ ನೆನಪಾದದ್ದು ಸೀರೆಯ ಫಾಲ್. ಕಾಲಿನ ಹಿಮ್ಮಡಿಗೆ ಸಿಕ್ಕಿ ಅಂಚು ಸವೆಯದಿರಲಿ ಎಂದು ಮಾತ್ರ ನಾವು ಫಾಲ್ ಹಚ್ಚುವುದಿಲ್ಲ. ನೆರಿಗೆಗೆ ತೂಕ ಬಂದು ಅದು ನೇರವಾಗಿ ನಿಲ್ಲಲಿ ಎಂದೂ ಹಚ್ಚುತ್ತೇವೆ. ಶನೆಲ್ ಸರಪಳಿಯಿಂದ ಮಾಡಿಸಿದ ಕೆಲಸವನ್ನು ನಮ್ಮ ಊರಿನ ಹೆಂಗಸರು ಒಂದು ಹತ್ತಿಯ ಪಟ್ಟಿಯಿಂದ ಮಾಡಿಸುತ್ತಿದ್ದಾರೆ. ಕುರ್ತಾದ ಅಥವಾ ಗಿಡ್ಡ ಜಾಕೆಟ್ಟಿನ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತಿದ್ದರೆ ಒಳಗೆ ಎರಡು ಇಂಚಿನ ಫಾಲ್ ತುಂಡನ್ನೇ ಹಚ್ಚಿಸಿ. ಸರಪಳಿಯೇ ಬೇಕೆನ್ನುವವರು ಅದನ್ನು ಒಗೆಯುವ ಮೊದಲು ಬಿಚ್ಚಿ ತೆಗೆಯುವಂತೆ ಸಡಿಲ ಟಾಕಿ ಹಾಕಿಸಬೇಕು. ನೆನೆದ ಹಿತ್ತಾಳೆ ಬಟ್ಟೆಗೆ ಕಲೆ ಹತ್ತಿಸುತ್ತದೆ.

ಐದನೆಯ ಹಂತ: ಒಂದೇ ಚಿತ್ರವನ್ನು ನಂಬಬೇಡಿ

ಒಬ್ಬ ವಿನ್ಯಾಸಕರ ಬೇರೆ ಬೇರೆ ವರ್ಷಗಳ ಐದು ಉಡುಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಐದರಲ್ಲೂ ಉಳಿದದ್ದು ಅಂಕಿತ, ಒಂದರಲ್ಲಿ ಮಾತ್ರ ಇದ್ದದ್ದು ಆ ಋತುವಿನ ಫ್ಯಾಷನ್. ಈವ್ ಸಾಂ ಲೊರಾಂ ಅವರ 1965ರ ಮೊಂಡ್ರಿಯನ್ ಉಡುಪು, ಆ ಹೆಸರಿನ ಚಿತ್ರಕಾರನ ಬಣ್ಣದ ಚೌಕಗಳನ್ನು ಹೊತ್ತು ಲೋಕದಲ್ಲೆಲ್ಲ ಹೆಸರಾಯಿತು. ಅದನ್ನೇ ಅವರ ಶೈಲಿ ಎಂದುಕೊಂಡರೆ ದಾರಿ ತಪ್ಪುತ್ತದೆ. ಅವರಲ್ಲಿ ಮತ್ತೆ ಮತ್ತೆ ಮರಳಿ ಬರುವುದು ಗಂಡಸರ ಉಡುಪನ್ನು ಹೆಂಗಸಿನ ಮೈಗೆ ಕತ್ತರಿಸುವ ಹಟ. 1966ರ ‘ಲ ಸ್ಮೋಕಿಂಗ್’ ಎಂಬ ಟಕ್ಸಿಡೊ, ಎಂದರೆ ಗಂಡಸರ ಸಂಜೆಯ ಔತಣದ ಸೂಟು, ಅದರ ಶಿಖರ. ಬಣ್ಣವೇ ಅಂಕಿತವಾಗುವುದೂ ಉಂಟು. ಎಲ್ಸಾ ಸ್ಕಿಯಾಪರೆಲ್ಲಿಯವರ ಕಣ್ಣು ಕುಕ್ಕುವ ಗುಲಾಬಿ, ವ್ಯಾಲೆಂಟಿನೊ ಅವರ ಕೆಂಪು ಅಂಥವು. ಅವನ್ನು ತರುವುದು ಸುಲಭ, ಬಟ್ಟೆ ಅಂಗಡಿಯಲ್ಲಿಯೇ ಕೆಲಸ ಮುಗಿಯುತ್ತದೆ.

ಆರನೆಯ ಹಂತ: ಬಟ್ಟೆ ಒಪ್ಪುತ್ತದೆಯೇ ಎಂದು ನೋಡಿ

ಹೆಚ್ಚಿನ ನಿರಾಸೆಗಳು ಹುಟ್ಟುವುದು ಇಲ್ಲಿ. ಹಿರೋಷಿಮಾದಲ್ಲಿ 1938ರಲ್ಲಿ ಹುಟ್ಟಿದ ಇಸ್ಸೆ ಮಿಯಾಕೆ ಅವರ ನೆರಿಗೆಯ ಉಡುಪುಗಳು 1993ರಿಂದ ‘ಪ್ಲೀಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದವು. ಸಾಮಾನ್ಯವಾಗಿ ನೆರಿಗೆ ಹಿಡಿದ ಬಟ್ಟೆಯನ್ನು ತಂದು ಹೊಲಿಯುತ್ತಾರೆ. ಮಿಯಾಕೆ ಇದನ್ನು ಹಿಂದುಮುಂದು ಮಾಡಿದರು. ಬೇಕಾದ ಅಳತೆಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ ಹೊಲಿದು, ಆಮೇಲೆ ಕಾಗದದ ಹಾಳೆಗಳ ನಡುವೆ ಇಟ್ಟು ಶಾಖದ ಯಂತ್ರದಲ್ಲಿ ಒತ್ತಿಸಿದರು. ಪಾಲಿಯೆಸ್ಟರ್ ಶಾಖಕ್ಕೆ ಮೆತ್ತಗಾಗಿ, ತಣಿದಾಗ ಆ ಮಡಿಕೆಯನ್ನೇ ಹಿಡಿದುಕೊಳ್ಳುವ ಎಳೆಯಾದ್ದರಿಂದ ಎಷ್ಟು ಒಗೆದರೂ ನೆರಿಗೆ ಉಳಿಯುತ್ತದೆ. ಹತ್ತಿಗಾಗಲಿ ರೇಷ್ಮೆಗಾಗಲಿ ಆ ಗುಣವಿಲ್ಲ. ಮೈಸೂರು ಸಿಲ್ಕ್ ತಂದು ಶಾಶ್ವತ ನೆರಿಗೆ ಮಾಡಿಕೊಡಿ ಎಂದರೆ ಯಾವ ಟೈಲರ್ ಕೈಯಲ್ಲೂ ಆಗದು.

ಮೈಸೂರು ಸಿಲ್ಕ್ ಕ್ರೇಪ್ ಆದ್ದರಿಂದ ಇಳಿಯುವ ಉಡುಪಿಗೆ, ಎಂದರೆ ವಿಯೊನೆಯ ದಾರಿಗೆ ಚೆನ್ನಾಗಿ ಒಪ್ಪುತ್ತದೆ. ಬಾಲೆನ್ಸಿಯಾಗ ಅವರಂತೆ ಮೈಯಿಂದ ದೂರ ನಿಲ್ಲುವ ಆಕಾರಕ್ಕೆ ರಾ ಸಿಲ್ಕ್, ದಪ್ಪ ಕೈಮಗ್ಗದ ಹತ್ತಿ ಅಥವಾ ಗುಳೇದಗುಡ್ಡದ ಖಣದಂಥ ಮೈಕಟ್ಟಿನ ಬಟ್ಟೆ ಬೇಕು. ಡಿಯೋರ್ ಮಾದರಿಯ ಹಿಡಿದ ಸೊಂಟಕ್ಕೆ ತೆಳು ಬಟ್ಟೆಯಾದರೆ ಲೈನಿಂಗ್ ತಪ್ಪಿಸುವಂತಿಲ್ಲ, ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಭಾರತದ ವಿನ್ಯಾಸಕರಲ್ಲಿ ಅಂಕಿತ ಬಹಳ ಸಲ ಕತ್ತರಿಯಲ್ಲಿ ಅಲ್ಲ, ಕೈಕಸುಬಿನಲ್ಲಿ ಇರುತ್ತದೆ; ಆದ್ದರಿಂದ ಅವರ ಚಿತ್ರ ನೋಡುವಾಗ ‘ಇದು ಯಾವ ಊರಿನ ಕೈ’ ಎಂದು ಕೇಳಬೇಕು. ರಿತು ಕುಮಾರ್ 1960ರ ದಶಕದಲ್ಲಿ ಬಂಗಾಳದಲ್ಲಿ ಅಚ್ಚಿನ ಮುದ್ರಣದಿಂದ ಆರಂಭಿಸಿದವರು. ಅಬು ಜಾನಿ ಮತ್ತು ಸಂದೀಪ್ ಖೋಸ್ಲಾ ಲಖನೌದ ಕೈಕಸೂತಿಯಾದ ಚಿಕನ್‌ಕಾರಿಯನ್ನು ಮದುವೆಯ ಉಡುಪಿನ ಎತ್ತರಕ್ಕೆ ಏರಿಸಿದರು. 1999ರಲ್ಲಿ ಕೋಲ್ಕತ್ತದಲ್ಲಿ ತಮ್ಮ ಹೆಸರಿನ ಸಂಸ್ಥೆ ಆರಂಭಿಸಿದ ಸಬ್ಯಸಾಚಿ ಅವರಲ್ಲಿ ಹಳೆಯ ಮನೆತನದ ಪೆಟ್ಟಿಗೆಯಿಂದ ತೆಗೆದಂಥ ಗಾಢ ಬಣ್ಣ, ಭಾರದ ಅಂಚು. ಪ್ಯಾರಿಸ್ಸಿನ ಹೋಟ್ ಕುಟೂರ್ (ಒಬ್ಬೊಬ್ಬರ ಅಳತೆಗೆ ಕೈಯಿಂದ ಹೊಲಿಯುವ ಉಡುಪು) ವಾರದಲ್ಲಿ 2020ರಲ್ಲಿ ತಮ್ಮ ಸಂಗ್ರಹ ತೋರಿಸಿದ ಮೊದಲ ಭಾರತೀಯ ವಿನ್ಯಾಸಕ ರಾಹುಲ್ ಮಿಶ್ರಾ ಅವರಲ್ಲಿ ಎಲೆ, ಹೂವು, ಕೀಟಗಳು ಬಟ್ಟೆಯಿಂದ ಎದ್ದು ನಿಲ್ಲುವ ಕಸೂತಿ. ಇವೆಲ್ಲ ನೂರಾರು ಗಂಟೆಗಳ ಕೈಕೆಲಸ. ಅದನ್ನು ನಾಲ್ಕು ದಿನದಲ್ಲಿ ಯಂತ್ರದ ಕಸೂತಿಯಿಂದ ನಕಲು ಮಾಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದೇ ತತ್ವವನ್ನು ಹಿಡಿದು, ನಮ್ಮದೇ ಕೈಕಸುಬಾದ ಧಾರವಾಡದ ಕಸೂತಿಯನ್ನು ತೋಳಿನ ಅಂಚಿಗಷ್ಟೇ ಹಾಕಿಸಿದರೆ ಹೆಚ್ಚು ಚೆಂದ.

ನಮ್ಮ ಊರಿನ ದಿನಬಳಕೆಗೆ ಎಲ್ಲರಿಗಿಂತ ಹತ್ತಿರದವರೆಂದು ನಾನು ಎಣಿಸುವುದು ಗೋವಾದ ವೆಂಡೆಲ್ ರಾಡ್ರಿಕ್ಸ್ ಅವರನ್ನು. 2020ರಲ್ಲಿ ತೀರಿಕೊಂಡ ಅವರು ಬಿಳಿ ಬಣ್ಣ, ಕಡಿಮೆ ಹೊಲಿಗೆ, ಗಾಳಿಯಾಡುವ ಬಟ್ಟೆಗಳಿಂದ ತಮ್ಮ ಹೆಸರನ್ನು ಕಟ್ಟಿಕೊಂಡರು. ಗೋವಾದ ಕುಣಬಿ ಸೀರೆಗೆ ಮತ್ತೆ ಜೀವ ತುಂಬಿದರು. ಅವರ ಉಡುಪಿನಲ್ಲಿ ಅಲಂಕಾರ ಕಡಿಮೆಯಿರುವುದರಿಂದ ಕಟಿಂಗ್ ತಪ್ಪಿದರೆ ಮುಚ್ಚಿಡಲು ಏನೂ ಇರುವುದಿಲ್ಲ. ಹೊಸದಾಗಿ ಹೊಲಿಗೆ ಕಲಿಯುವವರು ಅವರಿಂದಲೇ ಆರಂಭಿಸಲಿ ಎಂದು ಹೇಳುತ್ತೇನೆ.

ಕೊನೆಯ ಹಂತ: ಟೈಲರ್ ಮುಂದೆ

ಇಷ್ಟರ ಹೊತ್ತಿಗೆ ನಿಮ್ಮ ಚೀಟಿಯಲ್ಲಿ ನಾಲ್ಕೈದು ಸಾಲುಗಳಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಡಿಯೋರ್ ಸೊಂಟಕ್ಕೆ ಬಾಲೆನ್ಸಿಯಾಗ ಬೆನ್ನನ್ನೂ ಸಬ್ಯಸಾಚಿ ಅಂಚನ್ನೂ ಸೇರಿಸಿದರೆ ಮೂವರಲ್ಲಿ ಒಬ್ಬರೂ ಉಳಿಯುವುದಿಲ್ಲ. ಟೈಲರ್‌ಗೆ ವಿನ್ಯಾಸಕರ ಹೆಸರು ಹೇಳುವುದಕ್ಕಿಂತ ಕೆಲಸವನ್ನು ಹೇಳಿ: “ಮುಂದೆ ಅಳತೆಗೆ ಸರಿಯಾಗಿರಲಿ, ಬೆನ್ನಿಗೆ ಮೂರು ಇಂಚು ಲೂಸ್ ಇರಲಿ, ತೋಳು ಮೊಣಕೈ ದಾಟಿ ನಾಲ್ಕು ಇಂಚಿಗೆ ನಿಲ್ಲಲಿ, ಹಿಂದಿನ ಕುತ್ತಿಗೆ ಒಂದು ಇಂಚು ದೂರ ಸರಿಯಲಿ.” ಇಷ್ಟು ಹೇಳಿದರೆ ಬಾಲೆನ್ಸಿಯಾಗ ಎಂಬ ಹೆಸರನ್ನೇ ಕೇಳದ ಟೈಲರ್ ಕೂಡ ಅವರ ಹತ್ತಿರಕ್ಕೆ ಬರುತ್ತಾರೆ.

ಜೊತೆಗೆ ನಿಮಗೆ ಸರಿಯಾಗಿ ಕೂರುವ ಒಂದು ಅಳತೆ ಬ್ಲೌಸನ್ನೋ ಕುರ್ತಾವನ್ನೋ ಒಯ್ಯಿರಿ. ಹತ್ತಿಯ ಬಟ್ಟೆಯಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕೊಡಿ. ಬಟ್ಟೆ ಬೆಲೆಬಾಳುವಂಥದ್ದಾಗಿದ್ದರೆ ಮೊದಲು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿಯೋ ಕೋರಾ ಬಟ್ಟೆಯಲ್ಲಿಯೋ ಒಂದು ಮಾದರಿ ಹೊಲಿಸಿ, ತೊಟ್ಟು ನೋಡಿ. ದೊಡ್ಡ ವಿನ್ಯಾಸಕರ ಮನೆಗಳಲ್ಲಿಯೂ ಮೊದಲು ನಡೆಯುವುದು ಇದೇ. ಮಾದರಿ ತೊಟ್ಟು ಕನ್ನಡಿಯ ಮುಂದೆ ಸುಮ್ಮನೆ ನಿಲ್ಲಬೇಡಿ. ಕುಳಿತುಕೊಳ್ಳಿ, ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯುವಂತೆ ಕೈ ಎತ್ತಿ, ಬಗ್ಗಿ ಏಳಿ, ಬಸ್ಸಿನ ಮೆಟ್ಟಿಲು ಹತ್ತುವಷ್ಟು ಎತ್ತರಕ್ಕೆ ಕಾಲಿಟ್ಟು ನೋಡಿ. ಎಲ್ಲಿ ಎಳೆಯುತ್ತದೆಯೋ ಅಲ್ಲಿ ಚಾಕ್‌ನಿಂದ ಗುರುತು ಹಾಕಿಸಿ.

ಈ ಕೆಲಸಕ್ಕೆ ಮದುವೆಯ ಕಾಲವನ್ನೂ ಹಾಸನಾಂಬೆಯ ದರ್ಶನದ ದಿನಗಳನ್ನೂ ಬಿಟ್ಟು ಬನ್ನಿ. ಆ ಹೊತ್ತಿನಲ್ಲಿ ಯಾವ ಟೈಲರ್‌ಗೂ ಮಾದರಿ ಹೊಲಿಯುವ ಬಿಡುವಿರುವುದಿಲ್ಲ. ಆಷಾಢದಲ್ಲಿ ಅಂಗಡಿ ಖಾಲಿಯಿರುತ್ತದೆ, ಮಾತಿಗೂ ಸಮಯವಿರುತ್ತದೆ. ಉಡುಪು ಸಿದ್ಧವಾದ ಮೇಲೆ ಪಕ್ಕದ ಹೊಲಿಗೆಯ ಒಳಗೆ ಒಂದು ಇಂಚು ಬಟ್ಟೆ ಬಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. ಬಿಚ್ಚಿದ ಮಾದರಿಯ ತುಂಡುಗಳನ್ನು, ನಿಮ್ಮ ಚೀಟಿಯನ್ನು ಅದಕ್ಕೇ ಪಿನ್ನು ಚುಚ್ಚಿ, ಮಡಿಸಿ ಎತ್ತಿಡಿ. ಮುಂದಿನ ಸಲ ಅಳತೆ ಕೊಡುವ ಕೆಲಸ ಉಳಿಯುತ್ತದೆ.